ಬಣವೆಗಳ ನಡುವಿನ ಬಯಲು: ಒಂದು ಸಂಸ್ಥೆಗೆ ಎಷ್ಟು ಕ್ಲೌಡ್ ಖಾತೆ ಬೇಕು?

ರಾತ್ರಿ ಹತ್ತು ದಾಟಿದೆ. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಕಚೇರಿಯೊಂದರ ಐದನೇ ಮಹಡಿಯಲ್ಲಿ ಒಂದು ಸಾಲು ದೀಪ ಮಾತ್ರ ಉರಿಯುತ್ತಿದೆ. ಎಂಜಿನಿಯರ್ ಒಬ್ಬರ ಕಂಪ್ಯೂಟರ್ ಪರದೆಯಲ್ಲಿ ಎರಡು ಟ್ಯಾಬ್ ತೆರೆದಿವೆ. ಒಂದರಲ್ಲಿ ಪರೀಕ್ಷೆಗೆಂದು ಎಬ್ಬಿಸಿದ ಸರ್ವರ್‌ಗಳ ಪಟ್ಟಿ. ಇನ್ನೊಂದರಲ್ಲಿ, ಗ್ರಾಹಕರು ಈ ಹೊತ್ತಿನಲ್ಲೂ ಊಟ ತರಿಸಿಕೊಳ್ಳಲು, ಹಣ ಕಳಿಸಲು ಬಳಸುತ್ತಿರುವ ಸರ್ವರ್‌ಗಳ ಪಟ್ಟಿ. ಎರಡಕ್ಕೂ ಅದೇ ಬಣ್ಣ, ಅದೇ ಗುಂಡಿಗಳು. ಹೆಸರುಗಳಲ್ಲೂ ಒಂದೆರಡು ಅಕ್ಷರದ ವ್ಯತ್ಯಾಸ. ಶನಿವಾರ, ಭಾನುವಾರ ಸುಮ್ಮನೆ ಬಿಲ್ ಏರಬಾರದೆಂದು ಪರೀಕ್ಷೆಯ ಸರ್ವರ್‌ಗಳನ್ನು ಅಳಿಸಿ ಕ್ಯಾಬ್ ಹಿಡಿಯಬೇಕು. ಕಣ್ಣು ಎಳೆಯುತ್ತಿದೆ.

ಇಂಥ ಹೊತ್ತಿನಲ್ಲಿ ಬೆರಳು ತಪ್ಪುವುದು ಕಟ್ಟುಕತೆಯಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಡರಾತ್ರಿ ಕೆಲಸ ಮಾಡುತ್ತಾ, ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನಲ್ಲೇ ಅಳಿಸುವ ಆಜ್ಞೆ ಕೊಟ್ಟುಬಿಟ್ಟರು. ಗೊತ್ತಾಗಿ ತಡೆಯಲು ಹಿಡಿದದ್ದು ಒಂದೆರಡು ಸೆಕೆಂಡು. ಅಷ್ಟರಲ್ಲಿ ಸುಮಾರು 300 ಜಿಬಿ ಮಾಹಿತಿಯಲ್ಲಿ ಉಳಿದದ್ದು 4.5 ಜಿಬಿ. ನಿತ್ಯವೂ ಆಗುತ್ತಿವೆ ಎಂದು ನಂಬಿದ್ದ ಬ್ಯಾಕಪ್‌ಗಳನ್ನು ತೆರೆದು ನೋಡಿದರೆ ಅವು ಖಾಲಿ. ಕೊನೆಗೆ ಕಂಪನಿಯನ್ನು ಎತ್ತಿ ನಿಲ್ಲಿಸಿದ್ದು, ಆರು ಗಂಟೆ ಮೊದಲು ಪ್ರಯೋಗಕ್ಕೆಂದು ಬೇರೆ ಕಡೆ ತೆಗೆದಿಟ್ಟಿದ್ದ ಒಂದು ನಕಲು. ಬೇರೆ ಕಡೆ ಇತ್ತು, ಹಾಗಾಗಿ ಉಳಿಯಿತು.

‘ಬೇರೆ ಕಡೆ’ ಎಂದರೆ ಎಷ್ಟು ಬೇರೆ? ಕ್ಲೌಡ್ ಬಳಸುವ ಪ್ರತಿಯೊಂದು ಸಂಸ್ಥೆಯೂ ಒಂದಲ್ಲ ಒಂದು ದಿನ ಉತ್ತರಿಸಬೇಕಾದ ಪ್ರಶ್ನೆ ಇದು. ಎಲ್ಲವನ್ನೂ ಒಂದೇ ಖಾತೆಯಲ್ಲಿ ಇಡಬೇಕೇ, ಎರಡು ಸಾಕೇ, ಇಪ್ಪತ್ತು ಬೇಕೇ?

ಹನ್ನೆರಡು ಅಂಕಿಯ ಮನೆ

ಕ್ಲೌಡ್ ಎಂದರೆ ಬೇರೆಯವರ ಕಂಪ್ಯೂಟರ್‌ಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದು ಎಂಬಷ್ಟು ಈಗ ಎಲ್ಲರಿಗೂ ಗೊತ್ತು. ಬಾಡಿಗೆ ಕರಾರು ಯಾವ ಹೆಸರಿನಲ್ಲಿ ಆಗುತ್ತದೆಯೋ ಅದೇ ಖಾತೆ. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನಲ್ಲಿ ಪ್ರತಿ ಖಾತೆಗೂ ಹನ್ನೆರಡು ಅಂಕಿಯ ಸಂಖ್ಯೆಯೊಂದು ಇರುತ್ತದೆ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಇದಕ್ಕೆ ಸಮೀಪದ್ದನ್ನು ಸಬ್‌ಸ್ಕ್ರಿಪ್ಷನ್ ಎನ್ನುತ್ತಾರೆ, ಗೂಗಲ್‌ನಲ್ಲಿ ಪ್ರಾಜೆಕ್ಟ್. ಹೆಸರು ಮೂರಾದರೂ ಇಲ್ಲಿ ಹೇಳಹೊರಟ ವಿಚಾರ ಹೆಚ್ಚುಕಡಿಮೆ ಮೂರಕ್ಕೂ ಒಂದೇ.

ಖಾತೆ ಎಂದರೆ ಬಿಲ್ ಬರುವ ವಿಳಾಸ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆ ತಿಳಿವಳಿಕೆಗೆ ಚರಿತ್ರೆಯೇ ಕಾರಣ. ಅಮೆಜಾನ್ 2006ರ ಮಾರ್ಚ್‌ನಲ್ಲಿ ಕಡತಗಳನ್ನಿಡುವ ಎಸ್3 ಸೇವೆಯನ್ನೂ ಆಗಸ್ಟ್‌ನಲ್ಲಿ ಬಾಡಿಗೆ ಸರ್ವರ್‌ಗಳ ಇಸಿ2 ಸೇವೆಯನ್ನೂ ತೆರೆದಾಗ ಬೇಕಿದ್ದದ್ದು ಒಂದು ಇಮೇಲ್, ಒಂದು ಕ್ರೆಡಿಟ್ ಕಾರ್ಡ್. ಕಚೇರಿಯಲ್ಲಿ ಹತ್ತು ಜನರಿದ್ದರೆ ಹತ್ತೂ ಜನ ಅದೇ ಕೀಲಿ ಹಂಚಿಕೊಳ್ಳುತ್ತಿದ್ದರು. ಯಾರಿಗೆ ಯಾವ ಕೋಣೆಯ ಪ್ರವೇಶ ಎಂದು ಗೊತ್ತುಮಾಡುವ ಐಎಎಂ ವ್ಯವಸ್ಥೆ ಪೂರ್ಣವಾಗಿ ಕೈಗೆ ಬಂದದ್ದು 2011ರಲ್ಲಿ. ಹಲವು ಖಾತೆಗಳನ್ನು ಒಂದೇ ಯಜಮಾನಿಕೆಯಡಿ ತಂದು ನಿಯಮ ಹಾಕುವ ‘ಆರ್ಗನೈಸೇಷನ್ಸ್’ ಎಲ್ಲರಿಗೂ ಸಿಕ್ಕಿದ್ದು 2017ರ ಫೆಬ್ರುವರಿಯಲ್ಲಿ. ಅದಕ್ಕೂ ಮೊದಲು ಹುಟ್ಟಿದ ಕಂಪನಿಗಳಲ್ಲಿ ಬಹಳಷ್ಟು ಒಂದೇ ಖಾತೆಯಲ್ಲಿ ಬೆಳೆದದ್ದು ಸಹಜ.

ಆದರೆ ಬಿಲ್‌ಗಿಂತ ಮುಖ್ಯವಾಗಿ, ಖಾತೆ ಒಂದು ಗೋಡೆ. ಒಂದೇ ಖಾತೆಯೊಳಗಿನ ಸರ್ವರ್, ಡೇಟಾಬೇಸ್, ಕಡತಗಳು ಒಂದು ಮನೆಯ ಕೋಣೆಗಳಿದ್ದಂತೆ. ಕೋಣೆಗೆ ಬಾಗಿಲುಂಟು, ಚಿಲಕವೂ ಉಂಟು. ಮನೆ ಯಜಮಾನನ ಬೀಗದ ಕೈ ಗೊಂಚಲು ಸಿಕ್ಕವನಿಗೆ ಮಾತ್ರ ಯಾವ ಚಿಲಕವೂ ಲೆಕ್ಕಕ್ಕಿಲ್ಲ. ಎರಡು ಖಾತೆಗಳು ಎರಡು ಬೇರೆ ಮನೆಗಳು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹೋಗುವವರ ಕಡೆಯೂ ಅನುಮತಿ ಇರಬೇಕು, ಬರಮಾಡಿಕೊಳ್ಳುವವರ ಕಡೆಯೂ ಇರಬೇಕು. ಯಾರೂ ಏನೂ ಮಾಡದಿದ್ದರೆ ಆ ಬಾಗಿಲು ಮುಚ್ಚಿಯೇ ಇರುತ್ತದೆ. ಒಂದೇ ಮನೆಯೊಳಗೆ ಎಷ್ಟೇ ಜಾಣತನದಿಂದ ನಿಯಮ ಬರೆದರೂ ಈ ‘ತಾನಾಗಿಯೇ ಮುಚ್ಚಿರುವ’ ಗುಣ ಬರುವುದು ಕಷ್ಟ.

ಹನ್ನೆರಡು ಗಂಟೆಯಲ್ಲಿ ಮುಗಿದ ಕಂಪನಿ

ಗೋಡೆ ಇಲ್ಲದಿದ್ದರೆ ಏನಾಗುತ್ತದೆಂದು ತೋರಿಸಲು ಈ ಕಸುಬಿನವರು ಇಂದಿಗೂ ನೆನೆಯುವ ಹೆಸರು ಕೋಡ್ ಸ್ಪೇಸಸ್. ಬೇರೆ ಬೇರೆ ತಂಡಗಳು ಬರೆದ ಪ್ರೋಗ್ರಾಮ್‌ಗಳನ್ನು ಜೋಪಾನವಾಗಿ ಇಟ್ಟುಕೊಡುವುದೇ ಅದರ ವ್ಯಾಪಾರ. 2014ರ ಜೂನ್ 17ರಂದು ಅದರ ಜಾಲತಾಣಕ್ಕೆ ಸುಳ್ಳು ಕೋರಿಕೆಗಳ ಮಹಾಪೂರ ನುಗ್ಗಿತು. ಅಂಥ ದಾಳಿ ಹೊಸದೇನಲ್ಲ. ಆದರೆ ಈ ಬಾರಿ ದಾಳಿಕೋರ ಅಮೆಜಾನ್ ಖಾತೆಯ ಒಳಗೇ ಕೂತಿದ್ದ. ನಿಯಂತ್ರಣ ಫಲಕದಲ್ಲೇ ಸಂದೇಶ ಬಿಟ್ಟು, ಸಂಪರ್ಕಿಸಲು ಹೇಳಿ, ಹಣ ಕೇಳಿದ.

ಸಿಬ್ಬಂದಿ ಪಾಸ್‌ವರ್ಡ್ ಬದಲಿಸಲು ಮುಂದಾದರು. ಅವನು ಅಷ್ಟರಲ್ಲಿ ತನಗೆ ಬೇಕಾದ ಹೊಸ ಲಾಗಿನ್‌ಗಳನ್ನು ಸೃಷ್ಟಿಸಿಕೊಂಡಾಗಿತ್ತು. ತನ್ನನ್ನು ಹೊರದಬ್ಬುತ್ತಿದ್ದಾರೆಂದು ತಿಳಿದದ್ದೇ ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸತೊಡಗಿದ. ಸರ್ವರ್‌ಗಳ ಪ್ರತಿಗಳು ಹೋದವು, ಡಿಸ್ಕ್‌ಗಳ ನಕಲು ಹೋದವು, ಎಸ್3ಯಲ್ಲಿದ್ದ ಕಡತಗಳು ಹೋದವು. ಹೊರಗಿಟ್ಟಿದ್ದೇವೆ ಎಂದುಕೊಂಡಿದ್ದ ಬ್ಯಾಕಪ್‌ಗಳಲ್ಲೂ ಹೆಚ್ಚಿನವು ಹೋದವು. ಸುಮಾರು ಹನ್ನೆರಡು ಗಂಟೆಯಲ್ಲಿ ಎಲ್ಲ ಮುಗಿಯಿತು. ಇನ್ನು ನಡೆಸಲಾರೆವು ಎಂದು ಕಂಪನಿ ಬಾಗಿಲು ಹಾಕಿತು.

ಬ್ಯಾಕಪ್ ಇಟ್ಟಿರಲಿಲ್ಲ ಎಂದು ಆ ಕಂಪನಿಯನ್ನು ಯಾರೂ ದೂರುವಂತಿಲ್ಲ. ಇಟ್ಟಿತ್ತು. ಮೂಲವನ್ನು ಅಳಿಸಬಲ್ಲ ಕೀಲಿ ನಕಲನ್ನೂ ಅಳಿಸಬಲ್ಲದ್ದಾಗಿತ್ತು ಎಂಬುದೇ ಅದರ ದುರಂತ.

ಸುಗ್ಗಿ ಮುಗಿದ ಮೇಲೆ ಹುಲ್ಲಿನ ಬಣವೆ ಒಟ್ಟುವವರಿಗೆ ಈ ತತ್ವವನ್ನು ಯಾರೂ ಹೇಳಿಕೊಡಬೇಕಿಲ್ಲ. ಬಣವೆ ಮನೆಗೆ ತಾಗಿರಬಾರದು, ಒಂದಕ್ಕೊಂದು ತಾಗಿರಬಾರದು. ನಡುವೆ ಬಯಲು ಬೇಕು. ಒಂದಕ್ಕೆ ಕಿಡಿ ತಾಗಿದರೆ ಅದು ಹೋಗಲಿ, ಇನ್ನೊಂದರಲ್ಲಿ ದನಕ್ಕೆ ಮೇವು ಉಳಿಯಲಿ. ಕ್ಲೌಡ್ ಎಂಜಿನಿಯರ್‌ಗಳು ‘ಬ್ಲಾಸ್ಟ್ ರೇಡಿಯಸ್’ ಎನ್ನುವುದು ಇದನ್ನೇ: ಒಂದು ಅವಘಡದ ಬಿಸಿ ಎಲ್ಲಿಯವರೆಗೆ ತಟ್ಟುತ್ತದೆ ಎಂಬ ಅಳತೆ.

ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ 2019ರಲ್ಲಿ ನಡೆದ ಕಳವಿನಲ್ಲೂ ಕಾಣುವುದು ಇದೇ ಅಳತೆ. ಸರಿಯಾಗಿ ಹೊಂದಿಸದ ಒಂದು ಫೈರ್‌ವಾಲ್ ಮೂಲಕ ಒಳಬಂದ ವ್ಯಕ್ತಿಗೆ ಆ ಯಂತ್ರಕ್ಕೆ ಕೊಟ್ಟಿದ್ದ ಅನುಮತಿಪತ್ರ ಸಿಕ್ಕಿತು. ಅದನ್ನು ಹಿಡಿದು 700ಕ್ಕೂ ಹೆಚ್ಚು ಕಡತ ಭಂಡಾರಗಳ ಪಟ್ಟಿ ನೋಡಲು ಸಾಧ್ಯವಿತ್ತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ವಿವರ ಬಯಲಾಯಿತು. ಮರುವರ್ಷ ನಿಯಂತ್ರಕರು ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ಹಾಕಿದರು. ತೂತು ಒಂದೇ, ಚಿಕ್ಕದು. ಆ ತೂತಿನ ಹಿಂದೆ ಚಾಚಿಕೊಂಡಿದ್ದ ಅನುಮತಿ ಬಹಳ ಅಗಲದ್ದು.

ನೆರೆಯವರು ನಲ್ಲಿ ತಿರುಗಿಸಿದಾಗ

ಕಳ್ಳಕಾಕರ ಮಾತು ಬಿಟ್ಟರೂ ಖಾತೆ ಬೇರೆ ಮಾಡಲು ಇನ್ನೊಂದು ಕಾರಣವಿದೆ. ಅದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಕ್ಲೌಡ್ ಅಂದರೆ ಮಿತಿಯೇ ಇಲ್ಲ ಎಂಬ ಭಾವನೆ ಇದೆಯಲ್ಲ, ಅದು ಸರಿಯಲ್ಲ. ಪ್ರತಿ ಖಾತೆಗೂ ಇಷ್ಟಿಷ್ಟು ಎಂಬ ಪಾಲಿದೆ. ಸರ್ವರ್ ಎಬ್ಬಿಸದೆಯೇ ಪ್ರೋಗ್ರಾಮ್ ಓಡಿಸಿಕೊಡುವ ಎಡಬ್ಲ್ಯೂಎಸ್‌ನ ಲ್ಯಾಂಬ್ಡಾ ಸೇವೆಯಲ್ಲಿ ಒಂದು ಖಾತೆ ಒಂದು ಪ್ರದೇಶದಲ್ಲಿ, ಅಂದರೆ ಮುಂಬೈಯಂಥ ಒಂದು ಕೇಂದ್ರದಲ್ಲಿ, ಏಕಕಾಲಕ್ಕೆ ಓಡಿಸಬಹುದಾದ ಕೆಲಸಗಳ ಸಾಮಾನ್ಯ ಮಿತಿ 1,000. ಖಾಸಗಿ ಜಾಲಗಳ ಮಿತಿ ಮೊದಲಿಗೆ ಪ್ರದೇಶಕ್ಕೆ ಐದು. ಕೇಳಿಕೊಂಡರೆ ಹೆಚ್ಚಿಸುತ್ತಾರೆ, ಆದರೆ ಪಾಲು ಖಾತೆಯ ಲೆಕ್ಕದಲ್ಲೇ ಇರುತ್ತದೆ.

ಈಗ ಒಂದು ಕಂಪನಿಯ ಪರೀಕ್ಷಾ ತಂಡ, ಹಬ್ಬದ ಮಾರಾಟಕ್ಕೆ ಸಿದ್ಧತೆಯೆಂದು ಮಧ್ಯಾಹ್ನ ಮೂರಕ್ಕೆ ಕೃತಕ ಗ್ರಾಹಕರ ದಂಡು ಹರಿಸಿ ವ್ಯವಸ್ಥೆಯನ್ನು ಜಗ್ಗಿ ನೋಡುತ್ತಿದೆ ಎಂದುಕೊಳ್ಳೋಣ. ನಿಜವಾದ ಗ್ರಾಹಕರ ವ್ಯವಹಾರವೂ ಅದೇ ಖಾತೆಯಲ್ಲಿದ್ದರೆ ಇಬ್ಬರೂ ಒಂದೇ ಸಾವಿರವನ್ನು ಹಂಚಿಕೊಳ್ಳಬೇಕು. ಕೆಳಮನೆಯವರು ನಲ್ಲಿ ತಿರುಗಿಸಿದರೆ ಮೇಲ್ಮನೆಯ ಷವರ್ ನಿಂತಂತೆ, ಪರೀಕ್ಷೆ ಜೋರಾಗುತ್ತಿದ್ದಂತೆ ನಿಜವಾದ ಗ್ರಾಹಕರ ಪರದೆಯ ಮೇಲೆ ‘ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ’ ಎಂದು ಬರತೊಡಗುತ್ತದೆ. ಯಾವ ಯಂತ್ರವೂ ಕೆಟ್ಟಿರುವುದಿಲ್ಲ, ಯಾರೂ ತಪ್ಪು ಮಾಡಿರುವುದಿಲ್ಲ. ಕಾರಣ ಹುಡುಕಲು ಗಂಟೆಗಳೇ ಹಿಡಿಯುತ್ತವೆ.

ಬಿಲ್ಲಿನ ವಿಚಾರ ಇಷ್ಟು ತೊಡಕಿನದಲ್ಲ. ಒಂದೇ ಖಾತೆಯಲ್ಲಿ ಹತ್ತು ತಂಡಗಳಿದ್ದರೆ ಯಾರು ಎಷ್ಟು ಖರ್ಚು ಮಾಡಿದರೆಂದು ತಿಳಿಯಲು ಪ್ರತಿ ಸರ್ವರ್‌ಗೂ ಚೀಟಿ ಅಂಟಿಸಬೇಕು. ಅಂಟಿಸಲು ಮರೆತ ಸರ್ವರ್ ಯಾರದೂ ಅಲ್ಲ. ಖಾತೆ ಬೇರೆಯಾದರೆ ಲೆಕ್ಕವೂ ತಾನಾಗಿಯೇ ಬೇರೆ. ಹೆಚ್ಚು ಬಳಸಿದವರಿಗೆ ಸಿಗುವ ರಿಯಾಯಿತಿ ಖಾತೆ ಒಡೆದರೆ ಕೈತಪ್ಪುತ್ತದೆ ಎಂಬ ಅಂಜಿಕೆಗೂ ಆಧಾರವಿಲ್ಲ. ಒಂದೇ ಸಂಸ್ಥೆಯಡಿ ಸೇರಿದ ಖಾತೆಗಳ ಬಳಕೆಯನ್ನು ಒಟ್ಟುಗೂಡಿಸಿಯೇ ದರ ಹಾಕುತ್ತಾರೆ. ಅಡುಗೆ ಬೇರೆ ಬೇರೆ ಒಲೆಯ ಮೇಲಾದರೂ ದಿನಸಿ ಅಂಗಡಿಯಲ್ಲಿ ಒಂದೇ ಉದ್ರಿ ಪುಸ್ತಕ.

ಕಾನೂನು ಎಳೆದ ಗೆರೆ

ಭಾರತದಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ, ಅದರಲ್ಲೂ ಹಣಕಾಸಿನ ಕಂಪನಿಗಳು ತುಂಬಿರುವ ಬೆಂಗಳೂರಿನಂಥ ಊರಿಗೆ, ಗೋಡೆ ಎಲ್ಲಿ ಎದ್ದೇಳಬೇಕೆಂಬುದನ್ನು ಒಂದಷ್ಟು ಮಟ್ಟಿಗೆ ಕಾನೂನೇ ಗೊತ್ತುಮಾಡಿದೆ. ಪಾವತಿಗೆ ಸಂಬಂಧಿಸಿದ ಮಾಹಿತಿಯನ್ನು ಭಾರತದೊಳಗೇ ಇಡಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. ಸೈಬರ್ ಅವಘಡ ನಡೆದರೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು, ಏನೇನು ನಡೆಯಿತೆಂದು ವ್ಯವಸ್ಥೆ ಬರೆದಿಡುವ ಲಾಗ್‌ಗಳನ್ನು 180 ದಿನ ಕಾಪಿಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿತು.

ಇವನ್ನು ಒಂದೇ ದೊಡ್ಡ ಖಾತೆಯಲ್ಲಿ ಪಾಲಿಸಲು ಆಗದೆಂದಲ್ಲ. ಪಾಲಿಸಿದ್ದೇವೆಂದು ಲೆಕ್ಕಪರಿಶೋಧಕರ ಮುಂದೆ ಸಾಬೀತುಪಡಿಸುವುದು ಕಷ್ಟ. ಪಾವತಿಯ ವ್ಯವಹಾರಕ್ಕೆಂದೇ ಒಂದು ಖಾತೆ ಮಾಡಿ, ಅದಕ್ಕೆ ಮುಂಬೈ ಮತ್ತು ಹೈದರಾಬಾದ್ ಕೇಂದ್ರಗಳನ್ನು ಬಿಟ್ಟು ಬೇರೆಲ್ಲೂ ಸರ್ವರ್ ಏಳದಂತೆ ಮೇಲಿನಿಂದಲೇ ನಿಯಮ ಹಾಕಿದರೆ, ಆ ಖಾತೆಯ ಅತಿದೊಡ್ಡ ಅಧಿಕಾರಿಯೂ ಅದನ್ನು ಮೀರಲಾರ. ಪರಿಶೋಧಕರು ನೋಡಬೇಕಾದದ್ದೂ ಆ ಒಂದು ಮನೆ ಮಾತ್ರ, ಇಡೀ ಬೀದಿಯಲ್ಲ. ಲಾಗ್‌ಗಳಿಗೂ ಹೀಗೇ ಪ್ರತ್ಯೇಕ ಖಾತೆ ಬೇಕು. ಕಳ್ಳ ಒಳಹೊಕ್ಕರೆ ಮೊದಲು ಅಳಿಸುವುದು ತನ್ನ ಹೆಜ್ಜೆಗುರುತನ್ನು.

ಬೆಂಗಳೂರಿನ ಪಾವತಿ ಕಂಪನಿ ಜಸ್‌ಪೇ ಪ್ರಕರಣ ಇಲ್ಲಿ ನೆನಪಾಗುತ್ತದೆ. 2020ರ ಆಗಸ್ಟ್‌ನಲ್ಲಿ, ಬದಲಿಸದೆ ಉಳಿದಿದ್ದ ಹಳೆಯ ಕೀಲಿಯೊಂದನ್ನು ಬಳಸಿ ಯಾರೋ ಒಳನುಗ್ಗಿದ್ದರು. ಸುಮಾರು 3.5 ಕೋಟಿ ಕಾರ್ಡ್ ದಾಖಲೆಗಳು, ಅಂಕಿಗಳನ್ನು ಭಾಗಶಃ ಮರೆಮಾಡಿದ ರೂಪದಲ್ಲಿ, ಸೋರಿಹೋದದ್ದು 2021ರ ಜನವರಿಯಲ್ಲಿ ಸುದ್ದಿಯಾಯಿತು. ಪೂರ್ಣ ಕಾರ್ಡ್ ಸಂಖ್ಯೆಗಳು ಬೇರೆಯೇ ಆದ, ಪ್ರತ್ಯೇಕಿಸಿದ ವ್ಯವಸ್ಥೆಯಲ್ಲಿದ್ದವು, ಅಲ್ಲಿಗೆ ಯಾರೂ ಮುಟ್ಟಿಲ್ಲ ಎಂದು ಕಂಪನಿ ಹೇಳಿತು. ಸೋರಿಕೆ ಸೋರಿಕೆಯೇ, ಅದನ್ನು ಹಗುರ ಮಾಡಬೇಕಿಲ್ಲ. ಆದರೆ ಆ ಪ್ರತ್ಯೇಕತೆ ಇರದಿದ್ದರೆ ಕತೆ ಎಲ್ಲಿಗೆ ಮುಟ್ಟುತ್ತಿತ್ತೆಂದು ಕಾರ್ಡ್ ಇಟ್ಟುಕೊಂಡ ಯಾರಾದರೂ ಊಹಿಸಬಲ್ಲರು.

ಗೋಡೆ ಹೆಚ್ಚಾದರೆ

ಇಷ್ಟೆಲ್ಲ ಓದಿದ ಮೇಲೆ ಪ್ರತಿಯೊಂದಕ್ಕೂ ಒಂದೊಂದು ಖಾತೆ ತೆರೆದುಬಿಡೋಣ ಅನ್ನಿಸಬಹುದು. ಹಾಗೆ ಹೊರಟ ಸಂಸ್ಥೆಗಳೂ ಇವೆ. ಅಲ್ಲಿನ ಕಷ್ಟಗಳು ಸದ್ದು ಮಾಡುವುದಿಲ್ಲ, ನಿಧಾನವಾಗಿ ಕೂಡಿಬರುತ್ತವೆ.

ಪ್ರತಿ ಎಡಬ್ಲ್ಯೂಎಸ್ ಖಾತೆಗೂ ಬೇರೆಯೇ ಇಮೇಲ್ ವಿಳಾಸ ಬೇಕು. ಪ್ರತಿಯೊಂದಕ್ಕೂ ‘ರೂಟ್’ ಎಂಬ ಸರ್ವಾಧಿಕಾರದ ಲಾಗಿನ್ ಹುಟ್ಟುತ್ತದೆ; ಅದರ ಪಾಸ್‌ವರ್ಡ್ ಯಾರ ಬಳಿ, ಎರಡನೇ ಹಂತದ ಕೋಡ್ ಯಾರ ಫೋನಿಗೆ ಬರುತ್ತದೆ ಎಂಬ ಲೆಕ್ಕ ಇಡಬೇಕು. ಅವರು ಕೆಲಸ ಬಿಟ್ಟರೆ? ಸದಸ್ಯ ಖಾತೆಗಳ ರೂಟ್ ಪಾಸ್‌ವರ್ಡ್‌ಗಳನ್ನೇ ತೆಗೆದುಹಾಕಿ ಕೇಂದ್ರದಿಂದ ನಿಭಾಯಿಸುವ ಅನುಕೂಲ ಬಂದದ್ದು 2024ರ ನವೆಂಬರ್‌ನಲ್ಲಷ್ಟೇ. ಜಾಲಗಳನ್ನು ಬೆಸೆಯಬೇಕು, ವಿಳಾಸಗಳು ಒಂದರ ಮೇಲೊಂದು ಬೀಳದಂತೆ ಹಂಚಬೇಕು. ಹೊರಜಗತ್ತಿಗೆ ದಾರಿ ಬಿಡುವ ಗೇಟ್‌ವೇಗೆ ಗಂಟೆಯ ಬಾಡಿಗೆ ಇದೆ. ಖಾತೆಗೊಂದರಂತೆ ಹತ್ತು ಇಟ್ಟರೆ ಯಾರೂ ಬಳಸದ ರಾತ್ರಿಯೂ ಹತ್ತರ ಬಾಡಿಗೆ ಓಡುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಮರೆತುಹೋದ ಖಾತೆ. ಮೂರು ವರ್ಷದ ಹಿಂದೆ ಯಾವುದೋ ಪ್ರಯೋಗಕ್ಕೆ ತೆರೆದು, ಕಾವಲಿಲ್ಲದೆ, ಹಳೆಯ ಕೀಲಿಗಳ ಸಮೇತ ಬಿದ್ದಿರುವ ಖಾತೆ ಪಾಳುಮನೆ ಇದ್ದಂತೆ. ಅಲ್ಲಿ ಯಾರು ಬಂದು ಸೇರಿಕೊಂಡರೆಂದು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ನೋಡಿಕೊಳ್ಳಲಾಗದಷ್ಟು ಗೋಡೆ ಕಟ್ಟುವುದು ಗೋಡೆ ಕಟ್ಟದಿರುವಷ್ಟೇ ಕೆಟ್ಟದ್ದು. ಅಮೆಜಾನ್ ಹೊಸ ಸಂಸ್ಥೆಗೆ ಮೊದಲಿಗೆ ಹತ್ತು ಖಾತೆಯ ಮಿತಿ ಹಾಕಿರುವುದು ಅನೇಕರಿಗೆ ಕಿರಿಕಿರಿ. ಆದರೆ ಹತ್ತಕ್ಕೆ ಬಂದು ಒಮ್ಮೆ ನಿಂತು ಯೋಚಿಸುವುದು ಒಳ್ಳೆಯದೇ.

ದೊಡ್ಡ ಸಂಖ್ಯೆಯನ್ನು ಚೆನ್ನಾಗಿ ನಿಭಾಯಿಸಿದವರೂ ಇದ್ದಾರೆ. ಅಮೆರಿಕದ ಡೇಟಾ ಕಂಪನಿ ಸೆಗ್ಮೆಂಟ್, ನೂರು ಖಾತೆಗಳನ್ನು ತನ್ನ ಎಂಜಿನಿಯರ್‌ಗಳು ಹೇಗೆ ಸುರಕ್ಷಿತವಾಗಿ ಬಳಸುತ್ತಾರೆಂದು ಹಿಂದೆಯೇ ವಿವರವಾಗಿ ಬರೆದಿತ್ತು. ಅಲ್ಲಿನ ಗುಟ್ಟು ಸರಳ: ಜನರಿಗೆ ಲಾಗಿನ್ ಒಂದೇ, ಅದರಿಂದ ಬೇಕಾದ ಖಾತೆಗೆ ಬೇಕಾದಷ್ಟು ಹೊತ್ತಿನ ಪ್ರವೇಶ. ಖಾತೆ ನೂರಾದರೆ ಪಾಸ್‌ವರ್ಡೂ ನೂರಾಗಬೇಕಿಲ್ಲ.

ಹಾಗಾದರೆ ಎಷ್ಟು?

ನೌಕರರ ಸಂಖ್ಯೆ ನೋಡಿ ಖಾತೆಯ ಸಂಖ್ಯೆ ಹೇಳಲಾಗದು. ಕೇಳಬೇಕಾದ ಪ್ರಶ್ನೆ ಎರಡೇ. ಯಾವ ಯಾವ ವಸ್ತುಗಳು ಒಟ್ಟಿಗೆ ಸುಡಬಾರದು? ಕಟ್ಟಿದ ಗೋಡೆಗಳನ್ನು ಪ್ರತಿ ವಾರ ಸುತ್ತಿ ನೋಡಲು ಎಷ್ಟು ಜನರಿದ್ದಾರೆ? ಮೊದಲನೆಯದು ಸಂಖ್ಯೆಯನ್ನು ಮೇಲಕ್ಕೆ ಎಳೆಯುತ್ತದೆ, ಎರಡನೆಯದು ಕೆಳಕ್ಕೆ.

ಐದಾರು ಎಂಜಿನಿಯರ್‌ಗಳ ಪುಟ್ಟ ಸ್ಟಾರ್ಟಪ್‌ಗೂ ನಾಲ್ಕೈದು ಖಾತೆ ಹೆಚ್ಚಲ್ಲ. ಬಿಲ್ ಕಟ್ಟಲು, ನಿಯಮ ಹಾಕಲು ಮಾತ್ರ ಇರುವ ಖಾಲಿ ಯಜಮಾನ ಖಾತೆ ಒಂದು. ಗ್ರಾಹಕರು ಬಳಸುವ ‘ಪ್ರೊಡ್’ ಒಂದು. ಪರೀಕ್ಷೆ, ಪ್ರಯೋಗಕ್ಕೆ ಒಂದು. ಲಾಗ್‌ಗಳಿಗೆ ಒಂದು. ಬ್ಯಾಕಪ್‌ಗೆ ಒಂದು. ಕೊನೆಯ ಎರಡರ ಕೀಲಿ ದಿನನಿತ್ಯ ಕೆಲಸ ಮಾಡುವವರ ಕೈಯಲ್ಲಿ ಇರಬಾರದು. ಇವನ್ನು ಮೊದಲ ದಿನವೇ ಮಾಡಿದರೆ ಒಂದು ಮಧ್ಯಾಹ್ನದ ಕೆಲಸ. ಲಾಗ್ ಮತ್ತು ಪರಿಶೋಧನೆಗೆ ಪ್ರತ್ಯೇಕ ಖಾತೆಗಳನ್ನು ತಾನಾಗಿಯೇ ಕಟ್ಟಿಕೊಡುವ ಕಂಟ್ರೋಲ್ ಟವರ್ ಎಂಬ ಸಲಕರಣೆಯೂ 2019ರಿಂದ ಇದೆ.

ಸಂಸ್ಥೆ ಬೆಳೆದಂತೆ ತಂಡಕ್ಕೆ ಅಥವಾ ಉತ್ಪನ್ನಕ್ಕೆ ಎರಡೆರಡು, ಅಂದರೆ ಪರೀಕ್ಷೆಗೊಂದು ಮತ್ತು ಬಳಕೆಗೊಂದು, ಎಂಬ ಲೆಕ್ಕ ಹೆಚ್ಚಿನವರಿಗೆ ಒಗ್ಗುತ್ತದೆ. ಹೊರಗಿನವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಗಳಿಗೆ ಮಾತ್ರ ಗ್ರಾಹಕರಿಗೊಂದು ಖಾತೆ ಇಡುವುದೇ ಸರಿ. ಒಬ್ಬರ ಮಾಹಿತಿ ಇನ್ನೊಬ್ಬರ ಕಣ್ಣಿಗೆ ಬೀಳುವ ಭಯವಿಲ್ಲ. ಕರಾರು ಮುಗಿದಾಗ ಇಡೀ ಖಾತೆಯನ್ನೇ ಗ್ರಾಹಕರ ಸಂಸ್ಥೆಗೆ ದಾಟಿಸಿಬಿಡಬಹುದು, ಒಳಗಿನ ಸಾಮಾನು ಕದಲಿಸದೆ.

ಎಷ್ಟೇ ಖಾತೆ ಮಾಡಿದರೂ ತಡೆಯಲಾಗದ ಅವಘಡವೂ ಒಂದಿದೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ನಿವೃತ್ತಿ ನಿಧಿ ಯುನಿಸೂಪರ್‌ನ 6 ಲಕ್ಷಕ್ಕೂ ಹೆಚ್ಚು ಸದಸ್ಯರು ಒಂದು ವಾರದ ಮಟ್ಟಿಗೆ ತಮ್ಮ ಖಾತೆ ನೋಡಲಾಗದೆ ಕೂತರು. ಕಳ್ಳರೂ ಬಂದಿರಲಿಲ್ಲ, ಯುನಿಸೂಪರ್ ನೌಕರರೂ ಎಡವಿರಲಿಲ್ಲ. ಗೂಗಲ್ ಕಡೆಯವರು ಹಿಂದೊಮ್ಮೆ ವ್ಯವಸ್ಥೆ ಹೊಂದಿಸುವಾಗ ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟರೆ ಅವಧಿ ಒಂದು ವರ್ಷ ಎಂದು ಯಂತ್ರ ತಿಳಿದುಕೊಂಡಿತ್ತು. ವರ್ಷ ತುಂಬಿದ ದಿನ ಯುನಿಸೂಪರ್‌ನ ಖಾಸಗಿ ಕ್ಲೌಡನ್ನು ಅದು ಅಳಿಸಿಹಾಕಿತು. ಆ ವ್ಯವಸ್ಥೆಯ ಹೊರಗೆ, ಬೇರೊಂದು ಕಂಪನಿಯ ಬಳಿಯೂ ಬ್ಯಾಕಪ್‌ಗಳಿದ್ದವು. ಸಾವಿರಾರು ಕೋಟಿ ಡಾಲರ್‌ನ ನಿಧಿ ಚೇತರಿಸಿಕೊಳ್ಳಲು ಅವು ನೆರವಾದವು. ಕಳೆದುಕೊಂಡರೆ ಸಂಸ್ಥೆಯೇ ನಿಲ್ಲುತ್ತದೆ ಎನ್ನುವಂಥ ಮಾಹಿತಿಯ ಒಂದು ಪ್ರತಿಯಾದರೂ ಬೇರೆ ಕ್ಲೌಡ್ ಕಂಪನಿಯ ಬಳಿ ಇರಬೇಕು. ಅದಕ್ಕೆ ತಗಲುವ ಹಣ ವ್ಯರ್ಥವಲ್ಲ.

ಹಳೆಯ ಖಾತೆಯ ಗಂಟು

ಹೊಸದಾಗಿ ಶುರುಮಾಡುವವರ ದಾರಿ ಸುಲಭ. ಹತ್ತು ವರ್ಷದಿಂದ ಎಲ್ಲವನ್ನೂ ಒಂದೇ ಖಾತೆಯಲ್ಲಿ ಪೇರಿಸಿಕೊಂಡು ಬಂದವರದು ಕಷ್ಟ. ಎಡಬ್ಲ್ಯೂಎಸ್‌ನಲ್ಲಿ ಓಡುತ್ತಿರುವ ಸರ್ವರನ್ನು ಒಂದು ಖಾತೆಯಿಂದ ಎತ್ತಿ ಇನ್ನೊಂದರಲ್ಲಿ ಇಡುವ ಗುಂಡಿ ಇಲ್ಲ. ನಕಲು ತೆಗೆದು ಹೊಸ ಖಾತೆಯಲ್ಲಿ ಕಟ್ಟಬೇಕು, ಡೇಟಾಬೇಸ್ ಸರಿಸಬೇಕು, ಗ್ರಾಹಕರನ್ನು ಆ ಕಡೆ ತಿರುಗಿಸಬೇಕು, ಹಳೆಯದನ್ನು ಕಿತ್ತುಹಾಕಬೇಕು. ತಿಂಗಳುಗಳ ಕೆಲಸ, ಮಾರಾಟ ತಂಡಕ್ಕೆ ತೋರಿಸಲು ಅದರಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಪ್ರತಿ ವರ್ಷವೂ ಮುಂದಕ್ಕೆ ಹೋಗುತ್ತದೆ.

ಎಲ್ಲವನ್ನೂ ಒಮ್ಮೆಗೇ ಒಡೆಯಬೇಕಿಲ್ಲ. ಮೊದಲು ಬ್ಯಾಕಪ್‌ನ ಒಂದು ಪ್ರತಿ ಹೊಸ ಖಾತೆಗೆ ಹೋಗಲಿ. ಕೋಡ್ ಸ್ಪೇಸಸ್‌ಗೆ ಬಂದ ಗತಿ ಅಷ್ಟರಿಂದಲೇ ತಪ್ಪುತ್ತದೆ. ಆಮೇಲೆ ಲಾಗ್‌ಗಳು. ನಂತರ ಪರೀಕ್ಷೆಯ ಸರ್ವರ್‌ಗಳು, ಏಕೆಂದರೆ ಅವು ಒಂದು ದಿನ ನಿಂತರೂ ಗ್ರಾಹಕರಿಗೆ ತಿಳಿಯುವುದಿಲ್ಲ. ಗ್ರಾಹಕರು ಬಳಸುವ ಭಾಗ ಹಳೆಯ ಖಾತೆಯಲ್ಲೇ ಉಳಿದರೂ ಅಡ್ಡಿಯಿಲ್ಲ. ಉಳಿದವರೆಲ್ಲ ಮನೆ ಬಿಟ್ಟ ಮೇಲೆ ಆ ಮನೆಯೇ ಪ್ರೊಡ್ ಆಗುತ್ತದೆ.

ಈ ಕೆಲಸದಲ್ಲಿ ತಪ್ಪುವ ಜಾಗ ಒಂದಿದೆ, ಅದೂ ಮೊದಲ ಹೆಜ್ಜೆಯಲ್ಲೇ. ಹಳೆಯ ಖಾತೆಗೆ ಲಾಗಿನ್ ಆಗಿ ‘ಆರ್ಗನೈಸೇಷನ್’ ಸೃಷ್ಟಿಸುವ ಗುಂಡಿ ಒತ್ತಿದರೆ ಆ ಹಳೆಯ ಖಾತೆಯೇ ಯಜಮಾನ ಖಾತೆಯಾಗಿ ಕೂರುತ್ತದೆ. ಮೇಲಿನಿಂದ ಹಾಕುವ ನಿಯಮಗಳು ಯಜಮಾನ ಖಾತೆಗೆ ಮಾತ್ರ ಅನ್ವಯಿಸುವುದಿಲ್ಲ. ಅಂದರೆ ಯಾವ ಖಾತೆಯಲ್ಲಿ ಎಲ್ಲ ಡೇಟಾಬೇಸ್‌ಗಳೂ ಇವೆಯೋ ಅದೊಂದೇ ಎಲ್ಲ ಕಟ್ಟಳೆಗಳ ಹೊರಗೆ ಉಳಿಯುತ್ತದೆ. ಹಾಗಾಗಬಾರದೆಂದಿದ್ದರೆ ಹೊಸ ಇಮೇಲ್‌ನಲ್ಲಿ, ಒಳಗೆ ಒಂದೂ ಸರ್ವರ್ ಇಲ್ಲದ ಹೊಸ ಖಾತೆ ತೆರೆದು, ಸಂಸ್ಥೆಯನ್ನು ಅದರಲ್ಲಿ ಸೃಷ್ಟಿಸಿ, ಹಳೆಯ ಖಾತೆಯನ್ನು ಅದರ ಕೆಳಗೆ ಸದಸ್ಯನಾಗಿ ಸೇರಿಸಿಕೊಳ್ಳಬೇಕು. ಆಹ್ವಾನದ ಪತ್ರ ಹಳೆಯ ಖಾತೆ ತೆರೆದಾಗ ಕೊಟ್ಟಿದ್ದ ಇಮೇಲ್‌ಗೆ ಹೋಗುತ್ತದೆ. ಆ ಇಮೇಲ್ ಯಾರದಾಗಿತ್ತು, ಅವರು ಈಗಲೂ ಕಂಪನಿಯಲ್ಲಿದ್ದಾರೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.